ನಿವಾಸಿ ಪರ್ಮಿಟ್ ಇದ್ದರೂ ಪಾರ್ಕಿಂಗ್ ದಂಡ ಬಿದ್ದಿದೆ: ಊರಿನಲ್ಲಿದ್ದುಕೊಂಡೇ ತಕರಾರು ಸಲ್ಲಿಸಬಹುದೇ?

ನಾಪೋಕ್ಲಿನವಳು

ಎಲ್ಲರಿಗೂ ನಮಸ್ಕಾರ. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆಂದು ಮೂರು ವಾರ ರಜೆ ಹಾಕಿ ಇಂಗ್ಲೆಂಡಿನಿಂದ ಊರಿಗೆ ಬಂದಿದ್ದೇನೆ. ಅಲ್ಲಿ ನಾನು ಆಸ್ಪತ್ರೆಯೊಂದರಲ್ಲಿ ನರ್ಸ್. ಬಾಡಿಗೆ ಮನೆಗೆ ಕಾರು ನಿಲ್ಲಿಸುವ ಜಾಗವಿಲ್ಲದ್ದರಿಂದ ಬೀದಿಯಲ್ಲೇ ನಿಲ್ಲಿಸಬೇಕು, ಮತ್ತು ನಮ್ಮ ಬೀದಿ ನಿವಾಸಿಗಳಿಗೆ ಮೀಸಲಾದ ವಲಯದಲ್ಲಿದೆ. ಆಗಸ್ಟ್‌ನಲ್ಲಿ ಈ ಮನೆಗೆ ಬಂದ ವಾರದಲ್ಲೇ ಅಲ್ಲಿನ ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, ಹಣ ಕಟ್ಟಿ ಒಂದು ವರ್ಷದ ನಿವಾಸಿ ಪರ್ಮಿಟ್ ಪಡೆದಿದ್ದೇನೆ. ಗಾಜಿಗೆ ಅಂಟಿಸುವ ಚೀಟಿಯನ್ನು ಅವರು ಈಗ ಕೊಡುವುದಿಲ್ಲ. ಕಾರಿನ ನಂಬರ್ ಅವರ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ, ಅಷ್ಟೆ.

ಪಕ್ಕದ ಮನೆಯ ಅಜ್ಜಿ ನಿನ್ನೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳುಹಿಸಿದ್ದಾರೆ. ನನ್ನ ಕಾರಿನ ಮುಂದಿನ ಗಾಜಿನ ಮೇಲೆ ಪ್ಲಾಸ್ಟಿಕ್ ಲಕೋಟೆ, ಅದರೊಳಗೆ ಪೆನಾಲ್ಟಿ ಚಾರ್ಜ್ ನೋಟಿಸ್. ಕಾರಣದ ಜಾಗದಲ್ಲಿ ಕೋಡ್ 12 ಎಂದಿದೆ, ಅಂದರೆ ನಿವಾಸಿಗಳ ಜಾಗದಲ್ಲಿ ಸಿಂಧುವಾದ ಪರ್ಮಿಟ್ ಇಲ್ಲದೆ ನಿಲ್ಲಿಸಿದ್ದೇನೆ ಎಂಬ ಆರೋಪ. ದಂಡ 70 ಪೌಂಡ್, 14 ದಿನದೊಳಗೆ ಕಟ್ಟಿದರೆ 35. ಪರ್ಮಿಟ್‌ನ ಇಮೇಲ್ ನನ್ನ ಫೋನಿನಲ್ಲಿಯೇ ಇದೆ, ಅವಧಿ ಮುಂದಿನ ಆಗಸ್ಟ್‌ವರೆಗೂ ಇದೆ. ನಾನು ವಾಪಸ್ ಹೋಗುವಷ್ಟರಲ್ಲಿ 14 ದಿನ ಕಳೆದಿರುತ್ತದೆ. ಅಮ್ಮನಿಗಂತೂ ಇದು ಪೊಲೀಸ್ ಕೇಸ್, ನನ್ನ ವೀಸಾಕ್ಕೆ ಕುತ್ತು ಎಂಬ ಭಯ ಹತ್ತಿದೆ. ಇಲ್ಲಿಂದಲೇ ತಕರಾರು ಸಲ್ಲಿಸಿದ ಅನುಭವ ಯಾರಿಗಾದರೂ ಇದ್ದರೆ ದಯವಿಟ್ಟು ತಿಳಿಸಿ.

ಗೋಣಿಕೊಪ್ಪದ ಬೆಳೆಗಾರ

ತಂಗೀ, 35 ಪೌಂಡ್ ಎಂದರೆ ಹತ್ತಿರ ಹತ್ತಿರ ನಾಲ್ಕು ಸಾವಿರ ರೂಪಾಯಿ. ಸಣ್ಣ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ ವರ್ಷಕ್ಕೊಮ್ಮೆ ಕದಿರು ತೆಗೆಯಲು ಮನೆಗೆ ಬಂದವರು ರಜೆಯ ಅರ್ಧ ದಿನಗಳನ್ನು ಪರದೇಶದ ಕಚೇರಿಗೆ ಪತ್ರ ಬರೆಯುವುದರಲ್ಲಿ ಕಳೆದರೆ ಆ ನಷ್ಟವನ್ನು ಯಾರು ತುಂಬಿಕೊಡುತ್ತಾರೆ? ಕಟ್ಟಿಬಿಡಿ, ಹಬ್ಬ ಮಾಡಿ. ಇದು ನನ್ನ ಅನಿಸಿಕೆ ಮಾತ್ರ.

ಲೆಸ್ಟರಿನಲ್ಲಿರುವ ಸೋಮವಾರಪೇಟೆಯವನು

ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಇಂಗ್ಲೆಂಡಿನಲ್ಲಿ ಕೌನ್ಸಿಲ್ ಹಾಕುವ ಇಂತಹ ದಂಡ ಸಿವಿಲ್ ಸ್ವರೂಪದ್ದು. 2004ರ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಕಾಯ್ದೆಯಡಿ ಕೌನ್ಸಿಲ್‌ನ ಸಿಬ್ಬಂದಿ ಇದನ್ನು ಹಾಕುತ್ತಾರೆ, ಪೊಲೀಸರಲ್ಲ. ಲೈಸೆನ್ಸಿನ ಮೇಲೆ ಪಾಯಿಂಟ್ ಬೀಳುವುದಿಲ್ಲ, ಅಪರಾಧದ ದಾಖಲೆಯೂ ಆಗುವುದಿಲ್ಲ.

ಎರಡನೆಯದು, ಗೋಣಿಕೊಪ್ಪದ ಅಣ್ಣನವರ ಮಾತಿಗೆ ನನ್ನ ವಿರೋಧ. ಹಣ ಕಟ್ಟಿದ ಕ್ಷಣ ಪ್ರಕರಣ ಮುಗಿಯುತ್ತದೆ. ಕಟ್ಟಿ ಆಮೇಲೆ ತಕರಾರು ಹೇಳುತ್ತೇನೆ ಎನ್ನುವ ದಾರಿ ಅಲ್ಲಿಲ್ಲ. ಅದರ ಬದಲು 14 ದಿನದೊಳಗೆ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿಯೇ ಮೊದಲ ಹಂತದ ಅನೌಪಚಾರಿಕ ಆಕ್ಷೇಪಣೆ ಸಲ್ಲಿಸಿ. ಆ ಅವಧಿಯಲ್ಲಿ ಬಂದ ಆಕ್ಷೇಪಣೆಯನ್ನು ತಳ್ಳಿಹಾಕಿದರೂ ಅರ್ಧ ದಂಡ ಕಟ್ಟಲು ಮತ್ತೆ 14 ದಿನ ಕೊಡಬೇಕೆಂದು ಸರ್ಕಾರದ ಮಾರ್ಗಸೂಚಿ ಕೌನ್ಸಿಲ್‌ಗಳಿಗೆ ಹೇಳುತ್ತದೆ, ಹಾಗಾಗಿ ಈ ಹಂತದಲ್ಲಿ ನೀವು ಕಳೆದುಕೊಳ್ಳುವುದು ಏನೂ ಇಲ್ಲ. ಒಂದು ಎಚ್ಚರಿಕೆ: 14 ದಿನದ ಲೆಕ್ಕದಲ್ಲಿ ನೋಟಿಸ್ ಅಂಟಿಸಿದ ದಿನವೇ ಮೊದಲನೆಯ ದಿನ. ಮರುದಿನದಿಂದ ಎಣಿಸಿ ಒಂದು ದಿನ ತಪ್ಪಿಸಿಕೊಂಡವರನ್ನು ನಾನು ನೋಡಿದ್ದೇನೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪರ್ಮಿಟ್ ಇದೆ ಎಂದು ನೀವು ಹೇಳುತ್ತೀರಿ, ಇಲ್ಲ ಎಂದು ಅವರ ಕೈಯಲ್ಲಿರುವ ಯಂತ್ರ ಹೇಳಿದೆ. ಎರಡೂ ನಿಜವಾಗಿರಲು ಸಾಧ್ಯ. ಪರ್ಮಿಟ್‌ನ ಇಮೇಲ್ ತೆರೆದು ಅದರಲ್ಲಿರುವ ಕಾರಿನ ನಂಬರನ್ನು ಒಂದೊಂದೇ ಅಕ್ಷರವಾಗಿ ನೋಡಿ. ವಲಯದ ಹೆಸರನ್ನೂ ಬೀದಿಯ ಫಲಕದ ಜೊತೆ ಹೋಲಿಸಿ. ನಂಬರ್ ಪ್ಲೇಟ್‌ನ ಮಧ್ಯದ ಎರಡು ಅಂಕಿಗಳೇನು ಎಂದು ಮಾತ್ರ ಇಲ್ಲಿ ತಿಳಿಸಿ, ಪೂರ್ತಿ ನಂಬರ್ ಹಾಕಬೇಡಿ.

ನಾಪೋಕ್ಲಿನವಳು

ವಲಯ ಸರಿಯಾಗಿದೆ. ಮಧ್ಯದ ಅಂಕಿಗಳು 70. ಇಮೇಲಿನಲ್ಲಿಯೂ ಹಾಗೆಯೇ ಕಾಣುತ್ತಿದೆ.

ಲೆಸ್ಟರಿನಲ್ಲಿರುವ ಸೋಮವಾರಪೇಟೆಯವನು

ಕಾಣುವುದನ್ನು ನಂಬಬೇಡಿ. ಇಮೇಲಿನಲ್ಲಿರುವ ನಂಬರನ್ನು ಕಾಪಿ ಮಾಡಿ ಫೋನಿನ ನೋಟ್ಸಿನಲ್ಲಿ ಅಂಟಿಸಿ, ಪಕ್ಕದಲ್ಲಿ ನೀವೇ ಸೊನ್ನೆ ಕೀಲಿ ಒತ್ತಿ ಅದೇ ನಂಬರನ್ನು ಬರೆದು, ಅಕ್ಷರಗಳನ್ನು ದೊಡ್ಡದಾಗಿಸಿ ಹೋಲಿಸಿ ನೋಡಿ. ಬ್ರಿಟನ್ನಿನ ನಂಬರ್ ಪ್ಲೇಟ್‌ಗೆ ನಿಗದಿಯಾದ ಲಿಪಿಯಲ್ಲಿ ಸೊನ್ನೆಗೂ ಇಂಗ್ಲಿಷಿನ ಓ ಅಕ್ಷರಕ್ಕೂ ಆಕಾರದಲ್ಲಿ ಯಾವ ವ್ಯತ್ಯಾಸವೂ ಇಲ್ಲ. 2020ರ ಸೆಪ್ಟೆಂಬರ್‌ನಿಂದ 2021ರ ಫೆಬ್ರವರಿಯವರೆಗೆ ನೋಂದಣಿಯಾದ ಕಾರುಗಳಿಗೆ 70 ಬಂದಿದೆ, ಆ ಕಾರುಗಳವರಿಗೆಲ್ಲ ಈ ಎಡವಟ್ಟು ಕಾದಿರುತ್ತದೆ.

ನಾಪೋಕ್ಲಿನವಳು

ಸರ್, ನೀವು ಹೇಳಿದ್ದು ನಿಜ. ಅದು ಸೊನ್ನೆಯಲ್ಲ, ಓ. ಆಗಸ್ಟ್‌ನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಬಸ್ಸಿನಲ್ಲಿ ಕುಳಿತು ಫೋನಿನಲ್ಲಿ ಅರ್ಜಿ ತುಂಬಿದ್ದು ನಾನೇ. ಹಾಗಾದರೆ ತಪ್ಪು ನನ್ನದೇ ಆಯಿತಲ್ಲ? ಇನ್ನು ತಕರಾರಿಗೆ ಅರ್ಥವಿದೆಯೇ?

ಹಳೇ ಗುಮಾಸ್ತ, ವಿರಾಜಪೇಟೆ

ಕಂದಾಯ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೂತವನಾಗಿ ಎರಡು ಮಾತು. ಕೊಡಗಿನವರಿಗೆ ಈ ಸಂಗತಿ ಹೊಸದಲ್ಲ. ವಂಶಪಾರಂಪರ್ಯವಾಗಿ ಕುಟುಂಬಕ್ಕೆ ಬಂದ ಜಮ್ಮಾ ಜಾಗದ ಪಹಣಿಯನ್ನು ತೆರೆದರೆ ಎಂದೋ ತೀರಿಕೊಂಡ ಪಟ್ಟೆದಾರರ, ಅಂದರೆ ಕುಟುಂಬದ ಹಿರಿಯರ, ಹೆಸರು ಇರುತ್ತದೆ, ತೋಟ ಮಾಡುತ್ತಿರುವವರ ಹೆಸರು ಇರುವುದಿಲ್ಲ. ಹಾಗೆಂದು ಅವರಿಗೆ ಹಕ್ಕಿಲ್ಲ ಎಂದು ಯಾರೂ ಹೇಳುವುದಿಲ್ಲ. ಹಕ್ಕು ಬೇರೆ, ದಾಖಲೆಯಲ್ಲಿ ಅದು ಕಾಣುವುದು ಬೇರೆ. ನಿಮ್ಮ ಹಣವನ್ನು ಕೌನ್ಸಿಲ್ ಪಡೆದಿದೆ, ನಿಮ್ಮ ವಿಳಾಸವನ್ನು ಪರಿಶೀಲಿಸಿದೆ, ಆ ಬೀದಿಯಲ್ಲಿ ನಿಲ್ಲಿಸುವ ಹಕ್ಕನ್ನು ನಿಮಗೆ ಕೊಟ್ಟಿದೆ. ದಾಖಲೆಯಲ್ಲಿ ಕೈತಪ್ಪು ಆಗಿದೆ. ಕೈತಪ್ಪನ್ನು ಒಪ್ಪಿಕೊಂಡು ಬರೆಯುವ ಅರ್ಜಿ, ಒಪ್ಪಿಕೊಳ್ಳದೆ ಬರೆಯುವ ಅರ್ಜಿಗಿಂತ ಯಾವಾಗಲೂ ಗಟ್ಟಿ. ಮೇಜಿನ ಈಚೆ ಕಡೆ ಕುಳಿತು ನೋಡಿದ ಮಾತು ಇದು.

ಆದ್ದರಿಂದ ತಕ್ಷಣ ದಾಖಲೆಯ ತಿದ್ದುಪಡಿಗೆ ಅರ್ಜಿ ಹಾಕಿ. ಕಾರು ಈಗಲೂ ಅದೇ ಬೀದಿಯಲ್ಲಿ, ಅದೇ ತಪ್ಪು ನಂಬರಿನ ಪರ್ಮಿಟ್‌ನಲ್ಲಿ ನಿಂತಿದೆಯಲ್ಲವೇ? ನಾಳೆ ಇನ್ನೊಂದು ನೋಟಿಸ್ ಅಂಟಿಸಿದರೆ?

ಕುಶಾಲನಗರದ ವಕೀಲೆ

ಗುಮಾಸ್ತರು ಹೇಳಿದ್ದು ಸರಿ, ಆದರೆ ಒಂದು ಹೆಜ್ಜೆ ಹಿಂದಿನಿಂದ ಆರಂಭಿಸಬೇಕು. ತಿದ್ದುಪಡಿ ಮಾಡುವ ಮೊದಲು, ತಪ್ಪು ನಂಬರ್ ಕಾಣುವ ಪರ್ಮಿಟ್‌ನ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ದಿನಾಂಕ ಮತ್ತು ಸಮಯ ಕಾಣುವಂತೆ. ತಿದ್ದಿದ ಮೇಲೆ ಆ ಪುಟದಲ್ಲಿ ಹೊಸ ನಂಬರ್ ಮಾತ್ರ ಉಳಿಯಬಹುದು. ಆಗ ನಿಮ್ಮ ವಾದಕ್ಕೆ ಆಧಾರವಾದ ಸಾಕ್ಷಿಯನ್ನು ನೀವೇ ಅಳಿಸಿದಂತಾಗುತ್ತದೆ. ಸ್ಕ್ರೀನ್‌ಶಾಟ್ ಆದ ಕೂಡಲೇ, ಇಂದು ರಾತ್ರಿಯೇ, ತಿದ್ದಿ.

ನಾನು ಮಡಿಕೇರಿ ಮತ್ತು ಸೋಮವಾರಪೇಟೆ ನ್ಯಾಯಾಲಯಗಳಲ್ಲಿ ವಕಾಲತ್ತು ಮಾಡುವವಳು, ಇಂಗ್ಲೆಂಡಿನ ಕಾನೂನಿನಲ್ಲಿ ಪರಿಣತಳಲ್ಲ. ಆದರೆ ಪುರಾವೆ ಜೋಡಿಸುವ ಕ್ರಮ ಎಲ್ಲಿಯೂ ಒಂದೇ. ನಿಮ್ಮಲ್ಲಿ ಏನೇನಿವೆ ಎಂದು ಹೇಳಿದರೆ ಕರಡು ಮಾಡಿಕೊಡಲು ಪ್ರಯತ್ನಿಸುತ್ತೇನೆ.

ನಾಪೋಕ್ಲಿನವಳು

ಸ್ಕ್ರೀನ್‌ಶಾಟ್ ತೆಗೆದು, ನಂಬರ್ ತಿದ್ದಿದೆ. ಮೇಲಿನ ಗದ್ದೆಯ ಏರಿಯ ಮೇಲೆ ನಿಂತರೆ ಮಾತ್ರ ನೆಟ್‌ವರ್ಕ್ ಸಿಗುತ್ತದೆ, ಹಾಗಾಗಿ ಮುಕ್ಕಾಲು ಗಂಟೆ ಹಿಡಿಯಿತು. ನನ್ನ ಬಳಿ ಇರುವುದು: ಪರ್ಮಿಟ್ ದೃಢೀಕರಣದ ಇಮೇಲ್, ಹಣ ಕಟ್ಟಿದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್, ಅದೇ ವಿಳಾಸದ ಕೌನ್ಸಿಲ್ ಟ್ಯಾಕ್ಸ್ ಬಿಲ್, ನನ್ನ ಹೆಸರಿನಲ್ಲಿರುವ ಕಾರಿನ ವಿ5ಸಿ ನೋಂದಣಿ ಪತ್ರ, ಮತ್ತು ಅಜ್ಜಿ ತೆಗೆದ ಫೋಟೋ.

ಲೆಸ್ಟರಿನಲ್ಲಿರುವ ಸೋಮವಾರಪೇಟೆಯವನು

ಇವುಗಳ ಜೊತೆಗೆ ನಿಮಗೆ ಹೊಳೆಯದಿರುವ ಒಂದು ಪುರಾವೆ ಇದೆ. ಅದು ನಂಬರ್ ಪ್ಲೇಟ್‌ನ ರಚನೆಯೇ.

2001ರ ಸೆಪ್ಟೆಂಬರ್‌ನಿಂದ ಬ್ರಿಟನ್ನಿನ ಸಾಮಾನ್ಯ ನಂಬರುಗಳು ಎರಡು ಅಕ್ಷರ, ಎರಡು ಅಂಕಿ, ಮೂರು ಅಕ್ಷರ ಎಂಬ ಕ್ರಮದಲ್ಲಿವೆ. ಮಧ್ಯದ ಎರಡು ಸ್ಥಾನಗಳಲ್ಲಿ ಅಂಕಿಗಳು ಮಾತ್ರ ಬರುತ್ತವೆ, ಅಕ್ಷರ ಬರುವುದಿಲ್ಲ. ಅಂದರೆ 7ರ ಪಕ್ಕ ಓ ಇರುವ, ನಿಮ್ಮ ಪರ್ಮಿಟ್‌ನಲ್ಲಿ ದಾಖಲಾಗಿರುವ ಆ ನಂಬರಿನ ಕಾರು ಆ ದೇಶದಲ್ಲಿ ಇರಲು ಸಾಧ್ಯವೇ ಇಲ್ಲ. ಕೌನ್ಸಿಲ್ ಒಂದು ವರ್ಷದ ಹಣ ಪಡೆದು ಇಲ್ಲದ ಕಾರಿಗೆ ಪರ್ಮಿಟ್ ಕೊಟ್ಟಿತೇ, ಅಥವಾ ನಿಮ್ಮ ಮನೆಯ ಮುಂದೆ ನಿಲ್ಲುವ, ನಿಮ್ಮ ಹೆಸರಿನಲ್ಲಿ ನೋಂದಣಿಯಾದ ಈ ಒಂದೇ ಕಾರಿಗೆ ಕೊಟ್ಟಿತೇ? ಈ ಪ್ರಶ್ನೆಯನ್ನು ಅವರ ಮುಂದಿಡಿ. ಬೇರೆ ಅಂಕಿ ತಪ್ಪಿದ್ದರೆ, ಉದಾಹರಣೆಗೆ 70ರ ಬದಲು 71 ಎಂದು ಬರೆದಿದ್ದರೆ, ಅದು ಬೇರೊಬ್ಬರ ನಿಜವಾದ ಕಾರಿನ ನಂಬರ್ ಆಗಿರುವ ಸಾಧ್ಯತೆ ಇತ್ತು. ಒಂದು ಪರ್ಮಿಟ್‌ನಲ್ಲಿ ಎರಡು ಕಾರು ನಿಲ್ಲಿಸುವ ಕಿತಾಪತಿ ಎಂದು ಅವರು ಶಂಕಿಸಿದರೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು. ಓ ಅಕ್ಷರದ ತಪ್ಪಿನಲ್ಲಿ ಆ ಶಂಕೆಗೆ ಜಾಗವೇ ಇಲ್ಲ. ತಪ್ಪುಗಳಲ್ಲೂ ಒಳ್ಳೆಯ ತಪ್ಪನ್ನೇ ಮಾಡಿದ್ದೀರಿ.

ಇನ್ನೊಂದು ಉಪವಾದ. ನಿಮಗೆ ಹಾಕಿರುವುದು ಕೋಡ್ 12, ಅಂದರೆ ಸಿಂಧು ಪರ್ಮಿಟ್ ಇಲ್ಲವೇ ಇಲ್ಲ ಎಂಬುದು. ಅದು ಮೇಲಿನ ದರ್ಜೆ, 70 ಪೌಂಡ್. ಪರ್ಮಿಟ್ ಇದ್ದು ಅದು ಅಸಿಂಧು ಎನ್ನುವುದಕ್ಕೆ ಕೋಡ್ 19 ಎಂಬುದು ಬೇರೆಯೇ ಇದೆ; ಅದು ಕೆಳಗಿನ ದರ್ಜೆ, 50 ಪೌಂಡ್. ಲಂಡನ್ನಿನ ಹೊರಗೆ ಬಹುತೇಕ ಕಡೆ ಇವೇ ದರಗಳು. ನೀವು ಹೇಳಿದ ಸಂಗತಿಗಳನ್ನು ಪೂರ್ತಿ ಕೌನ್ಸಿಲ್ ಪರವಾಗಿ ಓದಿದರೂ ಕೋಡ್ 19ಕ್ಕಿಂತ ಮೇಲೆ ಹೋಗುವುದು ಹೇಗೆಂದು ನನಗೆ ತಿಳಿಯದು.

ಕುಶಾಲನಗರದ ವಕೀಲೆ

ನಂಬರಿನ ರಚನೆಯ ವಾದ ಬಹಳ ಚೆನ್ನಾಗಿದೆ. ಕೋಡ್‌ಗಳ ವಾದವನ್ನು ಮಾತ್ರ ಕೊನೆಗೆ, "ಒಂದು ವೇಳೆ ಮೇಲಿನದನ್ನು ಒಪ್ಪದಿದ್ದರೂ" ಎಂಬ ಪೀಠಿಕೆಯೊಂದಿಗೆ ಇಡಬೇಕು. ಮೊದಲಿಗೇ ಇಟ್ಟರೆ ನೀವು 50 ಪೌಂಡಿಗೆ ಚೌಕಾಸಿ ಮಾಡುತ್ತಿದ್ದೀರಿ ಎಂದು ಓದುವವರಿಗೆ ಅನಿಸುತ್ತದೆ.

ಕರಡಿನ ಸಾರಾಂಶ ಹೀಗಿರಲಿ, ನಿಮ್ಮ ಮಾತಿನಲ್ಲಿ ಇಂಗ್ಲಿಷಿಗೆ ಇಳಿಸಿಕೊಳ್ಳಿ:

"ನೋಟಿಸ್‌ನಲ್ಲಿ ಹೇಳಿದ ದಿನ ನನ್ನ ಕಾರು ನಾನು ವಾಸಿಸುವ ಬೀದಿಯಲ್ಲಿ, ನನ್ನ ಪರ್ಮಿಟ್‌ಗೆ ಸೇರಿದ ವಲಯದಲ್ಲಿ ನಿಂತಿತ್ತು. ಆ ವಲಯಕ್ಕೆ ಒಂದು ವರ್ಷದ ಶುಲ್ಕವನ್ನು ನಾನು ಆಗಸ್ಟ್‌ನಲ್ಲಿಯೇ ಪಾವತಿಸಿದ್ದೇನೆ, ಅದರ ರಸೀದಿ ಲಗತ್ತಿಸಿದೆ. ಅರ್ಜಿ ತುಂಬುವಾಗ ಸೊನ್ನೆಯ ಜಾಗದಲ್ಲಿ ಓ ಅಕ್ಷರ ದಾಖಲಾಗಿರುವುದು ನೋಟಿಸ್ ಬಂದ ಮೇಲೆ ನನ್ನ ಗಮನಕ್ಕೆ ಬಂದಿತು. ಅದೇ ದಿನ ತಿದ್ದಿದ್ದೇನೆ, ತಿದ್ದುವ ಮೊದಲಿನ ಮತ್ತು ನಂತರದ ಚಿತ್ರಗಳನ್ನು ಲಗತ್ತಿಸಿದ್ದೇನೆ. ಮೊದಲು ದಾಖಲಾಗಿದ್ದ ನಂಬರ್ ಯಾವ ವಾಹನಕ್ಕೂ ಇರಲು ಸಾಧ್ಯವಿಲ್ಲದ್ದು, ಆದ್ದರಿಂದ ಆ ಪರ್ಮಿಟ್ ನನ್ನ ಕಾರಿನದಲ್ಲದೆ ಬೇರಾವುದರದೂ ಆಗಿರಲಾರದು. ನಿಮ್ಮ ಅರ್ಜಿಯ ಪುಟ ಅದನ್ನು ತಡೆಯದೆ ಸ್ವೀಕರಿಸಿದೆ. ಇದರಿಂದ ಕೌನ್ಸಿಲ್‌ಗೆ ಒಂದು ಪೆನ್ನಿಯ ನಷ್ಟವಾಗಲಿ, ಬೇರೊಬ್ಬ ನಿವಾಸಿಗೆ ಜಾಗದ ನಷ್ಟವಾಗಲಿ ಆಗಿಲ್ಲ. ನಿಮ್ಮ ವಿವೇಚನಾಧಿಕಾರವನ್ನು ಬಳಸಿ ನೋಟಿಸ್ ರದ್ದುಪಡಿಸಬೇಕೆಂದು ಕೋರುತ್ತೇನೆ."

ಕೋಪದ ಮಾತು ಬೇಡ. ನರ್ಸ್ ಎಂಬುದನ್ನೂ ಹಬ್ಬಕ್ಕೆ ಹೋಗಿದ್ದೆ ಎಂಬುದನ್ನೂ ಬರೆಯುವ ಅಗತ್ಯವಿಲ್ಲ. ಅವು ಕನಿಕರ ಹುಟ್ಟಿಸಬಹುದು, ಆದರೆ ಪುರಾವೆಯಿಂದ ಗಮನವನ್ನು ಬೇರೆಡೆಗೆ ಸೆಳೆಯುತ್ತವೆ.

ಗೋಣಿಕೊಪ್ಪದ ಬೆಳೆಗಾರ

ವಕೀಲೆ ಮೇಡಂ ಬರೆದ ಕರಡು ನೋಡಿ ನಾನು ನನ್ನ ಮೊದಲಿನ ಮಾತನ್ನು ಅರ್ಧ ಹಿಂದಕ್ಕೆ ಪಡೆಯುತ್ತೇನೆ. ಉಳಿದ ಅರ್ಧವನ್ನು ಅವರ ಉತ್ತರ ಬಂದ ಮೇಲೆ ನೋಡೋಣ.

ಮಡಿಕೇರಿ, ಮಹದೇವಪೇಟೆ

ವಿಷಯಕ್ಕೆ ಹೊಂದುವ ಒಂದು ಸಂದೇಹ. ನಮ್ಮ ಬೀದಿಯಲ್ಲಿ ಶುಕ್ರವಾರ ಸಂತೆಯವರ ಗಾಡಿಗಳು, ಶನಿವಾರ ಭಾನುವಾರ ರಾಜಾಸೀಟಿಗೆ ಬಂದವರ ಗಾಡಿಗಳು ಗೇಟಿಗೇ ಅಡ್ಡ ನಿಲ್ಲುತ್ತವೆ. ಇಂತಹ ನಿವಾಸಿ ಪರ್ಮಿಟ್ ನಮ್ಮಲ್ಲಿಯೂ ಬಂದರೆ ಒಳ್ಳೆಯದೆಂದು ಇಷ್ಟು ದಿನ ಅಂದುಕೊಂಡಿದ್ದೆ. ಈ ಚರ್ಚೆ ಓದಿದ ಮೇಲೆ ಸ್ವಲ್ಪ ಹೆದರಿಕೆಯಾಗುತ್ತಿದೆ. ಜೊತೆಗೆ, ನನ್ನ ಅಕ್ಕನ ಮಗ ಮ್ಯಾಂಚೆಸ್ಟರಿನಲ್ಲಿದ್ದಾನೆ. ಅವನ ಅಪಾರ್ಟ್‌ಮೆಂಟಿನ ಒಳಗಿನ ಜಾಗದಲ್ಲಿಯೂ ಪರ್ಮಿಟ್ ಇದ್ದೂ ಹೀಗೆಯೇ ಒಂದು ದಂಡದ ಪತ್ರ ಬಂದಿದೆ. ಅವನೂ ಇದೇ ಕರಡನ್ನು ಬಳಸಬಹುದೇ?

ಲೆಸ್ಟರಿನಲ್ಲಿರುವ ಸೋಮವಾರಪೇಟೆಯವನು

ಬಳಸಬಾರದು, ಮೊದಲು ಪತ್ರವನ್ನು ಯಾರು ಕಳುಹಿಸಿದ್ದಾರೆಂದು ನೋಡಬೇಕು. ಅಪಾರ್ಟ್‌ಮೆಂಟಿನ ಆವರಣವೆಂದರೆ ಬಹುತೇಕ ಖಾಸಗಿ ಕಂಪನಿಯದಾಗಿರುತ್ತದೆ. ಅದರ ಮೇಲೆ ಪೆನಾಲ್ಟಿ ಚಾರ್ಜ್ ಎಂದಲ್ಲದೆ ಪಾರ್ಕಿಂಗ್ ಚಾರ್ಜ್ ಎಂದಿರುತ್ತದೆ. ಮೊದಲಕ್ಷರಗಳು ಮಾತ್ರ ಒಂದೇ ಆಗಿ ಎರಡೂ ಪಿಸಿಎನ್ ಆಗುತ್ತವೆ, ಅದು ಕಾಕತಾಳೀಯ ಎಂದು ನಾನು ನಂಬುವುದಿಲ್ಲ. ಖಾಸಗಿಯದು ಕಾನೂನಿನ ದಂಡವಲ್ಲ, ಒಪ್ಪಂದ ಮುರಿದದ್ದಕ್ಕೆ ಕೇಳುವ ಹಣ. ಮೊದಲು ಕಂಪನಿಗೆ, ಆಮೇಲೆ ಅದು ಪಾರ್ಕಿಂಗ್ ಕಂಪನಿಗಳ ಯಾವ ಸಂಘಕ್ಕೆ ಸೇರಿದೆಯೋ ಅದರಂತೆ ಪಾಪ್ಲಾ ಅಥವಾ ಐಎಎಸ್ ಎಂಬ ಪಾರ್ಕಿಂಗ್ ಮೇಲ್ಮನವಿ ಸಂಸ್ಥೆಗೆ ಮನವಿ ಹೋಗುತ್ತದೆ. ಅಲ್ಲಿ ಅವನ ದೊಡ್ಡ ಆಯುಧ ಬಾಡಿಗೆ ಕರಾರು: ಆ ಜಾಗವನ್ನು ಬಳಸುವ ಹಕ್ಕು ಕರಾರಿನಲ್ಲಿ ಬರೆದಿದ್ದರೆ ಅದರ ಪ್ರತಿಯನ್ನು ಲಗತ್ತಿಸಲಿ.

ಹಳೇ ಗುಮಾಸ್ತ, ವಿರಾಜಪೇಟೆ

ಮಹದೇವಪೇಟೆಯವರ ಮೊದಲನೆಯ ಮಾತಿಗೆ: 2021ರಲ್ಲಿ ಒಪ್ಪಿಗೆ ಪಡೆದ ಬೆಂಗಳೂರಿನ ಪಾರ್ಕಿಂಗ್ ನೀತಿ 2.0ರಲ್ಲಿ ಬೀದಿಯ ನಿವಾಸಿಗಳಿಗೆ ಶುಲ್ಕದ ಪರ್ಮಿಟ್ ಕೊಡುವ ಪ್ರಸ್ತಾವ ಇದೆ. ನಮ್ಮ ಬೆಟ್ಟದ ಊರಿನ ಇಳಿಜಾರು ರಸ್ತೆಗಳಲ್ಲಿ ಎರಡು ಗಾಡಿ ಎದುರುಬದುರಾದರೆ ಒಂದು ರಿವರ್ಸ್ ಹೋಗಬೇಕು. ಇಲ್ಲಿ ಪರ್ಮಿಟ್ ಕೊಡುವವರು ಮೊದಲು ಜಾಗ ಹುಡುಕಬೇಕು. ಕೊಡುವ ದಿನ ಬಂದರೆ ಅರ್ಜಿಯಲ್ಲಿ ಕೆಎ 12ರ ಮುಂದೆ ಏನು ಬರೆದರೂ ಸ್ವೀಕರಿಸದಂತೆ ಮಾಡಲಿ.

ನಾಪೋಕ್ಲಿನವಳು (ಜನವರಿ ಕೊನೆಯ ವಾರ)

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಿ, ವಾಪಸ್ ಬಂದ ಮೇಲೆ ಪಾಳಿಗಳು ಬಿಡುವು ಕೊಡಲಿಲ್ಲ. ಕರಡಿನಂತೆ ಹನ್ನೊಂದನೆಯ ದಿನ ಆಕ್ಷೇಪಣೆ ಸಲ್ಲಿಸಿದ್ದೆ. ನಾಲ್ಕು ವಾರಗಳ ನಂತರ ಉತ್ತರ ಬಂದಿದೆ, ತಿರಸ್ಕರಿಸಿದ್ದಾರೆ. ಸರಿಯಾದ ನಂಬರ್ ನಮೂದಿಸುವುದು ವಾಹನ ಮಾಲೀಕರ ಜವಾಬ್ದಾರಿ ಎಂಬ ಒಂದು ಪ್ಯಾರಾ, ಕೆಳಗೆ 35 ಪೌಂಡ್ ಕಟ್ಟಲು ಮತ್ತೆ 14 ದಿನ. ನಂಬರಿನ ರಚನೆಯ ಬಗ್ಗೆ ನಾವು ಕೇಳಿದ ಪ್ರಶ್ನೆಗೆ ಒಂದು ಶಬ್ದವೂ ಇಲ್ಲ. ಓದಿದರೋ ಇಲ್ಲವೋ ತಿಳಿಯದು.

ಗೋಣಿಕೊಪ್ಪದ ಬೆಳೆಗಾರ

ಹಿಂದಕ್ಕೆ ಪಡೆಯದೆ ಉಳಿಸಿಕೊಂಡಿದ್ದ ಅರ್ಧ ಮಾತನ್ನು ಈಗ ಹೇಳುತ್ತೇನೆ. ಇನ್ನು ಮುಂದೆ ಹೋಗಿ ಸೋತರೆ ಪೂರ್ತಿ 70. ಈಗ ಕಟ್ಟಿದರೆ 35. ರೊಬಸ್ಟಾ ಕೊಯ್ಲಿಗೆ ಆಳು ಸಿಗದೆ ಒದ್ದಾಡುತ್ತಿರುವ ನನಗೆ ಲೆಕ್ಕವೇ ಲೆಕ್ಕ.

ಲೆಸ್ಟರಿನಲ್ಲಿರುವ ಸೋಮವಾರಪೇಟೆಯವನು

ಲೆಕ್ಕ ನಿಜ, ಅದನ್ನು ಮುಚ್ಚಿಡುವುದು ತಪ್ಪು. ಇಲ್ಲಿಂದ ಮುಂದೆ ಹೋಗುವವರು 35 ಪೌಂಡಿನ ರಿಯಾಯಿತಿಯನ್ನು ಪಣಕ್ಕಿಟ್ಟೇ ಹೋಗಬೇಕು. ಹೋಗುವುದಾದರೆ ಮುಂದಿನ ದಾರಿ ಹೀಗಿದೆ. 28 ದಿನಗಳ ಮೇಲೆ ಹಣ ಬಾರದಿದ್ದರೆ ಕೌನ್ಸಿಲ್ ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎ ದಾಖಲೆಯಿಂದ ನಿಮ್ಮ ವಿಳಾಸ ಪಡೆದು ವಾಹನದ ಮಾಲೀಕರಿಗೆಂದು ನೋಟಿಸ್ ಟು ಓನರ್ ಎಂಬ ಪತ್ರ ಕಳುಹಿಸುತ್ತದೆ. ಅದಕ್ಕೆ 28 ದಿನದೊಳಗೆ ಔಪಚಾರಿಕ ಆಕ್ಷೇಪಣೆ ಹಾಕಬೇಕು; ಅದೇ ಕರಡು, ಅದೇ ಲಗತ್ತುಗಳು, ಜೊತೆಗೆ ಮೊದಲ ಉತ್ತರದಲ್ಲಿ ನಿಮ್ಮ ಪ್ರಶ್ನೆಗೆ ಉತ್ತರವಿಲ್ಲವೆಂಬ ಒಂದು ವಾಕ್ಯ. ಕೌನ್ಸಿಲ್ 56 ದಿನದೊಳಗೆ ಉತ್ತರಿಸದಿದ್ದರೆ ಆಕ್ಷೇಪಣೆಯನ್ನು ಒಪ್ಪಿದಂತೆಯೇ ಆಗುತ್ತದೆ. ಅಲ್ಲಿಯೂ ತಿರಸ್ಕರಿಸಿದರೆ 28 ದಿನದೊಳಗೆ ಟ್ರಾಫಿಕ್ ಪೆನಾಲ್ಟಿ ಟ್ರಿಬ್ಯುನಲ್‌ಗೆ ಮೇಲ್ಮನವಿ. ಲಂಡನ್ ಬಿಟ್ಟು ಉಳಿದ ಇಂಗ್ಲೆಂಡಿಗೂ ವೇಲ್ಸ್‌ಗೂ ಅದೇ. ಶುಲ್ಕವಿಲ್ಲ. ಕೌನ್ಸಿಲ್‌ಗೆ ಸಂಬಂಧಪಡದ ಸ್ವತಂತ್ರ ನ್ಯಾಯನಿರ್ಣಯಕರು ತೀರ್ಮಾನಿಸುತ್ತಾರೆ. ಕಾಗದಗಳ ಮೇಲೆಯೇ ತೀರ್ಮಾನವಾಗಬಹುದು, ಇಲ್ಲವೆ ಫೋನ್ ಅಥವಾ ವಿಡಿಯೋ ವಿಚಾರಣೆ ಕೇಳಬಹುದು. ಸೋತರೂ ಕೌನ್ಸಿಲ್‌ನ ಖರ್ಚನ್ನು ನಿಮ್ಮ ಮೇಲೆ ಹೇರುವುದು ತೀರಾ ಅವಿವೇಕದ ಅಥವಾ ಕಿರುಕುಳದ ಪ್ರಕರಣಗಳಲ್ಲಿ ಮಾತ್ರ.

ಮಾಡಬಾರದ್ದು ಒಂದೇ: ಪತ್ರಕ್ಕೆ ಉತ್ತರಿಸದೆ ಸುಮ್ಮನಿರುವುದು. ಸುಮ್ಮನಿದ್ದರೆ ದಂಡ ಏರಿಸುವ ಚಾರ್ಜ್ ಸರ್ಟಿಫಿಕೇಟ್ ಎಂಬ ಪತ್ರ ಬಂದು 70 ಇದ್ದದ್ದು 105 ಆಗುತ್ತದೆ, ಮೇಲ್ಮನವಿಯ ಬಾಗಿಲು ಮುಚ್ಚುತ್ತದೆ, ಆಮೇಲೆ ನಾರ್ಥಾಂಪ್ಟನ್‌ನಲ್ಲಿರುವ ನ್ಯಾಯಾಲಯದ ಕೇಂದ್ರದಲ್ಲಿ ಸಾಲವಾಗಿ ನೋಂದಾಯಿಸಿ ಜಪ್ತಿಯವರನ್ನು ಕಳುಹಿಸುತ್ತಾರೆ. ಊರಿಗೆ ಬಂದಿದ್ದಾಗ ಪತ್ರ ಬಾಗಿಲಿನೊಳಗೆ ಬಿದ್ದು ಹೀಗಾದವರು ಇದ್ದಾರೆ. ಮನೆ ಬದಲಾಯಿಸಿದಾಗ ವಿ5ಸಿಯಲ್ಲಿ ವಿಳಾಸ ತಿದ್ದಿಸದವರ ಪಾಡೂ ಇದೇ. ತಿದ್ದಿಸದಿದ್ದಕ್ಕೆ 1000 ಪೌಂಡ್‌ವರೆಗೆ ಬೇರೆ ದಂಡವೂ ಉಂಟು.

ಕುಶಾಲನಗರದ ವಕೀಲೆ

ಒಂದು ಪ್ರಶ್ನೆ. ನ್ಯಾಯನಿರ್ಣಯಕರು ಇದನ್ನು ಉಲ್ಲಂಘನೆಯೇ ಆಗಿಲ್ಲ ಎಂದು ರದ್ದು ಮಾಡಬಹುದೇ, ಅಥವಾ ಉಲ್ಲಂಘನೆ ಆಗಿದ್ದರೂ ಬಲವಾದ ಕಾರಣವಿದೆ ಎಂದು ಮಾತ್ರ ಹೇಳಬಹುದೇ? ಎರಡರಲ್ಲಿ ವ್ಯತ್ಯಾಸವಿದೆ ಎಂದು ತೋರುತ್ತದೆ.

ಲೆಸ್ಟರಿನಲ್ಲಿರುವ ಸೋಮವಾರಪೇಟೆಯವನು

ಬಹಳ ದೊಡ್ಡ ವ್ಯತ್ಯಾಸವಿದೆ, ಕೇಳಿದ್ದು ಒಳ್ಳೆಯದಾಯಿತು. ಕಾನೂನಿನಲ್ಲಿ ಪಟ್ಟಿ ಮಾಡಿದ ಆಧಾರಗಳಲ್ಲಿ ಒಂದು ಸಾಬೀತಾದರೆ ಮಾತ್ರ ಅವರೇ ನೇರವಾಗಿ ರದ್ದು ಮಾಡಬಲ್ಲರು. ಬರೀ ಕನಿಕರದ ಕಾರಣಕ್ಕೆ ರದ್ದು ಮಾಡುವ ಅಧಿಕಾರ ಅವರಿಗಿಲ್ಲ. ಬಲವಾದ ಕಾರಣ ಕಂಡರೆ ರದ್ದುಪಡಿಸುವಂತೆ ಕೌನ್ಸಿಲ್‌ಗೆ ಶಿಫಾರಸು ಮಾಡುತ್ತಾರೆ. ಶಿಫಾರಸನ್ನು ಕೌನ್ಸಿಲ್ ಒಪ್ಪದೆಯೂ ಇರಬಹುದು. ಹೀಗಾಗಿ ಮೇಲ್ಮನವಿಯಲ್ಲಿ "ಉಲ್ಲಂಘನೆ ನಡೆದಿಲ್ಲ" ಎಂಬ ಆಧಾರವನ್ನೇ ಗುರುತು ಹಾಕಿ: ಪರ್ಮಿಟ್ ಇತ್ತು, ಅದು ಈ ಕಾರಿನದೇ ಆಗಿತ್ತು, ಏಕೆಂದರೆ ಬೇರೆ ಕಾರಿನದಾಗಲು ಸಾಧ್ಯವಿಲ್ಲ. ಬಲವಾದ ಕಾರಣಗಳ ಮಾತು ಅದರ ಹಿಂದೆ ಬರಲಿ, ಎಲ್ಲಕ್ಕಿಂತ ಹಿಂದೆ ಕೋಡ್ 19.

ನನ್ನದೇ ಪ್ರಕರಣದಲ್ಲಿ ಕೆಲವು ವರ್ಷಗಳ ಹಿಂದೆ ಫೋನ್ ವಿಚಾರಣೆ ಇಪ್ಪತ್ತು ನಿಮಿಷ ನಡೆಯಿತು. ಅವರು ಶಾಂತವಾಗಿ ಕೇಳಿದರು, ಎರಡು ಕಡೆಯ ಕಾಗದಗಳನ್ನೂ ಮೊದಲೇ ಓದಿಕೊಂಡಿದ್ದರು. ನಾನು ಸೋತೆ, ಏಕೆಂದರೆ ಬೀದಿಯ ದೀಪಕಂಬಕ್ಕೆ ಜಾಗದ ತಾತ್ಕಾಲಿಕ ಅಮಾನತಿನ ಹಳದಿ ಫಲಕ ಹಾಕಿದ್ದರು. ಜಾಗವನ್ನೇ ಅಮಾನತುಗೊಳಿಸಿದಾಗ ಯಾವ ಪರ್ಮಿಟ್ ಇದ್ದರೂ ಉಪಯೋಗವಿಲ್ಲ. ದೀರ್ಘ ರಜೆಗೆ ಊರಿಗೆ ಬರುವವರು ಕಾರಿನ ಮೇಲೆ ಕಣ್ಣಿಡಲು ನೆರೆಯವರಿಗೆ ಹೇಳಿ ಬರಬೇಕೆನ್ನುವುದು ಅದಕ್ಕೇ. ನಾಪೋಕ್ಲಿನ ಅಕ್ಕನವರಿಗೆ ಒಳ್ಳೆಯ ಅಜ್ಜಿ ಸಿಕ್ಕಿದ್ದಾರೆ.

ನಾಪೋಕ್ಲಿನವಳು

ಮುಂದೆ ಹೋಗಲು ತೀರ್ಮಾನಿಸಿದ್ದೇನೆ. ಗೋಣಿಕೊಪ್ಪದ ಅಣ್ಣನವರು ಬೇಸರಿಸಬಾರದು. ಸೋತರೆ 70 ಕಟ್ಟುತ್ತೇನೆ, ಆದರೆ ಕೇಳಿದ ಪ್ರಶ್ನೆಗೆ ಯಾರಾದರೊಬ್ಬರು ಉತ್ತರ ಹೇಳಲಿ ಎಂದು ಆಸೆ.

ನಾಪೋಕ್ಲಿನವಳು (ಏಪ್ರಿಲ್)

ಔಪಚಾರಿಕ ಆಕ್ಷೇಪಣೆಯನ್ನೂ ಮಾರ್ಚ್‌ನಲ್ಲಿ ತಿರಸ್ಕರಿಸಿದರು, ಈ ಬಾರಿ ಎರಡು ಪ್ಯಾರಾ. ತಿರಸ್ಕಾರದ ಪತ್ರದಲ್ಲಿದ್ದ ಸಂಕೇತ ಸಂಖ್ಯೆ ಬಳಸಿ ಮರುದಿನವೇ ಟ್ರಿಬ್ಯುನಲ್‌ನ ಪುಟದಲ್ಲಿ ಮೇಲ್ಮನವಿ ಹಾಕಿದೆ. ಎಲ್ಲ ಚಿತ್ರಗಳನ್ನೂ ಸೇರಿಸಿದೆ. ವಿಡಿಯೋ ವಿಚಾರಣೆ ಕೇಳಿದ್ದೆ, ಏನು ಹೇಳಬೇಕೆಂದು ಒಂದು ಹಾಳೆಯಲ್ಲಿ ಬರೆದೂ ಇಟ್ಟುಕೊಂಡಿದ್ದೆ.

ನಿನ್ನೆ ಸಂದೇಶ ಬಂದಿದೆ. ಕೌನ್ಸಿಲ್ ಈ ಮೇಲ್ಮನವಿಯನ್ನು ಎದುರಿಸುವುದಿಲ್ಲ, ನೋಟಿಸ್ ರದ್ದಾಗಿದೆ, ಕಟ್ಟಬೇಕಾದ್ದು ಏನೂ ಇಲ್ಲ.

ಗೋಣಿಕೊಪ್ಪದ ಬೆಳೆಗಾರ

ಬಹಳ ಸಂತೋಷ ತಂಗೀ. ಇಲ್ಲಿ ಮೊನ್ನೆ ಒಳ್ಳೆಯ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿದೆ. ಈ ವಾರದಲ್ಲಿ ಕೇಳಿದ ಎರಡನೆಯ ಒಳ್ಳೆಯ ಸುದ್ದಿ ಇದು. ಕಟ್ಟಿಬಿಡಿ ಎಂದು ಎರಡು ಸಲ ಹೇಳಿದವನು ನಾನೇ ಎಂಬುದನ್ನು ಮರೆತುಬಿಡಿ.

ಹಳೇ ಗುಮಾಸ್ತ, ವಿರಾಜಪೇಟೆ

ಕಾರಣ ಏನೆಂದು ಬರೆದಿದ್ದಾರೆ?

ನಾಪೋಕ್ಲಿನವಳು

ಕಾರಣ ಬರೆದಿಲ್ಲ ಸರ್, ಒಂದೇ ಸಾಲು. ಎರಡು ಸಲ ತಿರಸ್ಕರಿಸಿದವರು ಮೂರನೆಯವರು ಓದುವ ಸಮಯ ಬಂದಾಗ ಏಕೆ ಹಿಂದೆ ಸರಿದರೆಂದು ನನಗೆ ಇಂದಿಗೂ ಗೊತ್ತಾಗಿಲ್ಲ. ಅಮ್ಮನಿಗೆ ಫೋನ್ ಮಾಡಿದರೆ, "ಪೊಲೀಸರು ಕೈಬಿಟ್ಟರಾ?" ಎಂದರು. ಹೌದು ಎಂದೆ, ವಿವರಿಸಲು ಹೋಗಲಿಲ್ಲ.

ಒಂದು ಕುತೂಹಲಕ್ಕೆ ನಿನ್ನೆ ರಾತ್ರಿ ಕೌನ್ಸಿಲ್‌ನ ಪರ್ಮಿಟ್ ಅರ್ಜಿಯ ಪುಟವನ್ನು ಮತ್ತೆ ತೆರೆದು, ನನ್ನ ನಂಬರನ್ನು ಬೇಕೆಂದೇ ಓ ಅಕ್ಷರ ಹಾಕಿ ತುಂಬಿದೆ. ಯಾವ ಎಚ್ಚರಿಕೆಯೂ ಬರಲಿಲ್ಲ. ನೇರವಾಗಿ ಹಣ ಕಟ್ಟುವ ಪುಟಕ್ಕೆ ಕರೆದುಕೊಂಡು ಹೋಯಿತು. ಅಲ್ಲಿಂದ ಹೊರಬಂದೆ.